ಕನ್ನಡಕ ತೆಗೆಯುವ ಮೊದಲು

ಸಹ್ಯಾದ್ರಿ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಾಗ ನನಗೊಂದು ಗುಟ್ಟಿನ ಚಟವಿತ್ತು. ಮಧ್ಯಾಹ್ನದ ಕ್ಲಾಸು ಮುಗಿದ ಮೇಲೆ ಭದ್ರಾವತಿಯ ಮನೆಗೆ ಬಸ್ಸು ಹತ್ತಬೇಕಾದವಳು ರಸ್ತೆ ದಾಟಿ ಶಿವಮೊಗ್ಗ ಪೇಟೆಯ ಕಡೆಗೆ ಹೋಗುವ ಬಸ್ಸು ಹತ್ತುತ್ತಿದ್ದೆ. ದುರ್ಗಿಗುಡಿಯಲ್ಲಿ ಒಂದು ಅಂಗಡಿಯ ಮಹಡಿ ಮೇಲೆ ಸೈಬರ್ ಸೆಂಟರ್ ಇತ್ತು. 2004ರ ಮಾತು. ಗಂಟೆಗೆ 20 ರೂಪಾಯಿ. ‘ನೋಟ್ಸ್ ಹುಡುಕಬೇಕು’ ಅಂತ ಮನೆಯಲ್ಲಿ ಹೇಳಿ ಇಸಿದುಕೊಂಡ ದುಡ್ಡು ಅದು. ಆದರೆ ಇಂಟರ್ನೆಟ್ಟು ಐದು ನಿಮಿಷದಲ್ಲೇ ಬೇಸರ ತರಿಸುವಷ್ಟು ನಿಧಾನ. ಉಳಿದ ಐವತ್ತೈದು ನಿಮಿಷ ನಾನು ಪಿನ್‌ಬಾಲ್ ಆಡುತ್ತಿದ್ದೆ.

ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ಆ ಆಟ ನೆನಪಿರಬಹುದು. ‘3ಡಿ ಪಿನ್‌ಬಾಲ್, ಸ್ಪೇಸ್ ಕೆಡೆಟ್’ ಅಂತ ಅದರ ಹೆಸರು. ಆಕಾಶನೌಕೆಯ ಚಿತ್ರವಿರುವ ಇಳಿಜಾರು ಹಲಗೆ, ಒಂದು ಉಕ್ಕಿನ ಗುಂಡು, ಕೆಳಗೆ ಎರಡು ಪುಟ್ಟ ರೆಕ್ಕೆಗಳು. ಸ್ಪೇಸ್ ಬಾರ್ ಒತ್ತಿ ಹಿಡಿದು ಬಿಟ್ಟರೆ ಗುಂಡು ಮೇಲಕ್ಕೆ ಚಿಮ್ಮುತ್ತದೆ. ಅಲ್ಲಿ ಇಲ್ಲಿ ಬಡಿದು ಠಣ್ ಠಣ್ ಎನ್ನುತ್ತಾ ಕೆಳಗಿಳಿಯುತ್ತದೆ. ಕೀಬೋರ್ಡಿನ ಎಡಗಡೆಯ ‘ಝೆಡ್’ ಒತ್ತಿದರೆ ಎಡರೆಕ್ಕೆ, ಬಲಗಡೆಯ ಓರೆಗೆರೆ ಒತ್ತಿದರೆ ಬಲರೆಕ್ಕೆ ಅದನ್ನು ಮತ್ತೆ ಮೇಲಕ್ಕೆ ಹೊಡೆಯುತ್ತದೆ. ರೆಕ್ಕೆಗಳ ನಡುವಿನ ಸಂದಿನಲ್ಲಿ ಜಾರಿದರೆ ಆ ಗುಂಡಿನ ಕತೆ ಮುಗಿಯಿತು. ನನಗೆ ಗೊತ್ತಿದ್ದ ನಿಯಮ ಒಂದೇ: ಬೀಳದ ಹಾಗೆ ನೋಡಿಕೋ.

ಈ ಒಂದೇ ನಿಯಮದ ಮೇಲೆ ನಾನು ಹತ್ತಿರಹತ್ತಿರ ಎರಡು ವರ್ಷ ಆಡಿದೆ. ಒಂದು ದಿನ ಪಕ್ಕದ ಕುರ್ಚಿಯಲ್ಲಿ ಅಣ್ಣನಿಗಾಗಿ ಕಾಯುತ್ತಾ ಕೂತಿದ್ದ ಹೈಸ್ಕೂಲು ಹುಡುಗ ತಡೆಯಲಾರದೆ ಕೇಳಿಯೇಬಿಟ್ಟ.

“ಅಕ್ಕಾ, ನೀವ್ಯಾಕೆ ಮಿಷನ್ ತಗೊಳ್ತಾನೇ ಇಲ್ಲ?”

“ಯಾವ ಮಿಷನ್ನು?”

ಅವನು ಪರದೆಯ ಬಲಗಡೆಗೆ ಬೆರಳು ತೋರಿಸಿದ. ಅಂಕಗಳ ಕೆಳಗೆ ಒಂದು ಚಿಕ್ಕ ಚೌಕ. ಅದರಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತಿತ್ತು, ಬದಲಾಗುತ್ತಿರುತ್ತಿತ್ತು. ಎರಡು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಓದಿರಲಿಲ್ಲ. ಆಟದ ಅಸಲು ವಿಷಯವೆಲ್ಲ ಅಲ್ಲಿತ್ತು. ಮೊದಲು ಮಿಷನ್ನಿನ ಗುರಿಗಳಿಗೆ ಗುಂಡು ತಾಗಿಸಿ ಕೆಲಸ ಆರಿಸಿಕೊಳ್ಳಬೇಕು. ಆಮೇಲೆ ಏರುದಾರಿಯೊಂದಕ್ಕೆ ಗುಂಡು ಹತ್ತಿಸಿ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ ಆ ಚೌಕವೇ ಹೇಳುತ್ತದೆ: ಇಂಥ ಬಂಪರುಗಳಿಗೆ 8 ಸಲ ಹೊಡಿ, ಇಲ್ಲವೇ ಏರುದಾರಿಯನ್ನು 3 ಸಲ ಹತ್ತು. ಮುಗಿಸುತ್ತಾ ಹೋದರೆ ಬಡ್ತಿ. ಕೆಡೆಟ್‌ನಿಂದ ಫ್ಲೀಟ್ ಅಡ್ಮಿರಲ್‌ವರೆಗೆ 9 ಹುದ್ದೆಗಳು. ಎರಡು ವರ್ಷ ಆಡಿ ನಾನಿನ್ನೂ ಕೆಡೆಟ್ಟೇ ಆಗಿದ್ದೆ.

“ಅಲ್ಲೇ ಬರ್ದಿದೆಯಲ್ಲ ಅಕ್ಕಾ” ಅಂದ ಹುಡುಗ. ನನಗೆ ಮುಖ ಕೆಂಪಾಯಿತು. “ಗುಂಡು ನೋಡ್ಲಾ, ಅದನ್ನ ಓದ್ಲಾ?” ಅಂತ ಗದರಿ ಸುಮ್ಮನಾಗಿಸಿದೆ. ಈ ‘ಅಲ್ಲೇ ಬರ್ದಿದೆಯಲ್ಲ’ ಅನ್ನುವ ಮಾತನ್ನು ಮುಂದೊಂದು ದಿನ ನಾನೇ ಇನ್ನೊಬ್ಬರಿಗೆ ಹೇಳುತ್ತೇನೆಂದು ಆಗ ಗೊತ್ತಿರಲಿಲ್ಲ.

ನಾನು ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ಅಪ್ಪ ಅಲ್ಲಿ ಕ್ರೇನ್ ಆಪರೇಟರ್ ಆಗಿದ್ದರು. ಶೆಡ್ಡಿನ ಮಾಡಿನಡಿಯಲ್ಲಿ ಹಳಿಯ ಮೇಲೆ ಓಡುವ ದೊಡ್ಡ ಕ್ರೇನು. ಅದಕ್ಕೆ ಜೋತುಬಿದ್ದ ಪುಟ್ಟ ಕೋಣೆಯಲ್ಲಿ ಅವರು ಕೂತಿರುತ್ತಿದ್ದರು.

ಮನೆಯಲ್ಲೊಂದು ಮೊಳೆಹಲಗೆ ಇತ್ತು. ಅಪ್ಪ ತಾವೇ ಮಾಡಿದ್ದು. ಹಲಗೆಯ ಮೇಲೆ ಅರ್ಧಚಂದ್ರಾಕಾರದಲ್ಲಿ ಮೊಳೆ ಹೊಡೆದು ಮಾಡಿದ ಗೂಡುಗಳು, ಒಂದೊಂದು ಗೂಡಿನಲ್ಲೂ ಕೆಂಪು ಪೇಂಟಿನಲ್ಲಿ ಬರೆದ ಅಂಕಿ: 50, 100, 500. ಬೇರಿಂಗಿನ ಗುಂಡನ್ನು ಸ್ಪ್ರಿಂಗಿನ ಕಡ್ಡಿಯಿಂದ ತಳ್ಳಿದರೆ ಮೊಳೆಗಳ ನಡುವೆ ತಡವರಿಸುತ್ತಾ ಬಂದು ಯಾವುದಾದರೊಂದು ಗೂಡು ಸೇರುತ್ತಿತ್ತು. ಆ ಆಟಕ್ಕೆ ಯಾರೂ ನಿಯಮ ಹೇಳಿಕೊಡಲಿಲ್ಲ. ಹಲಗೆಯೇ ನಿಯಮ. 500 ಅಂತ ಬರೆದ ಗೂಡಿನ ಬಾಯಿ ಚಿಕ್ಕದಿತ್ತು, 50ರದ್ದು ಅಗಲವಿತ್ತು. ಮೂರು ವರ್ಷದ ಮಗುವಿಗೂ ಅರ್ಥವಾಗುತ್ತಿತ್ತು.

ಪಿನ್‌ಬಾಲಿನ ಮೂಲ ಈ ಮೊಳೆಹಲಗೆಯೇ. 18ನೇ ಶತಮಾನದ ಫ್ರಾನ್ಸಿನಲ್ಲಿ ಶ್ರೀಮಂತರು ಆಡುತ್ತಿದ್ದ ಬ್ಯಾಗಟೆಲ್ ಎಂಬ ಮೇಜಿನಾಟ ಕಡಲು ದಾಟಿತು. ಅಮೆರಿಕದಲ್ಲಿ ಮಾಂಟೇಗ್ ರೆಡ್‌ಗ್ರೇವ್ ಎಂಬಾತ 1871ರಲ್ಲಿ ಅದಕ್ಕೆ ಸ್ಪ್ರಿಂಗಿನ ಕಡ್ಡಿಯನ್ನು ಸೇರಿಸಿ ಪೇಟೆಂಟ್ ಪಡೆದ. ಮುಕ್ಕಾಲು ಶತಮಾನ ಕಳೆದ ಮೇಲೆ, 1947ರಲ್ಲಿ ಬಂದ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದಲ್ಲಿ ಮೊದಲ ಬಾರಿಗೆ ವಿದ್ಯುತ್ತಿನ ರೆಕ್ಕೆಗಳು ಬಂದವು. ಅಲ್ಲಿಯತನಕ ಗುಂಡು ಬಿಟ್ಟ ಮೇಲೆ ಯಂತ್ರವನ್ನು ಒಂದಿಷ್ಟು ಅಲುಗಿಸಬಹುದಿತ್ತು, ಅಷ್ಟೇ. ಜೋರಾಗಿ ಅಲುಗಿಸಿದರೆ ‘ಟಿಲ್ಟ್’ ಆಗಿ ಆಟ ನಿಲ್ಲುತ್ತಿತ್ತು. ರೆಕ್ಕೆ ಬಂದ ಮೇಲೆ ಬೀಳುವ ಗುಂಡನ್ನು ಹಿಂದಕ್ಕೆ ಕಳಿಸುವ ಅಧಿಕಾರ ಮನುಷ್ಯನಿಗೆ ಸಿಕ್ಕಿತು.

ಅಧಿಕಾರ ಬಂದಲ್ಲಿ ನಿಯಮ ಬೆಳೆಯುತ್ತದೆ. ಎಲ್ಲಿಗೆ ಕಳಿಸಬೇಕು? ಯಾವಾಗ? ಅದರಿಂದ ಏನಾಗುತ್ತದೆ? ನ್ಯೂಯಾರ್ಕ್ ನಗರದಲ್ಲಿ ಪಿನ್‌ಬಾಲನ್ನು ಜೂಜೆಂದು 1942ರಿಂದ ನಿಷೇಧಿಸಿದ್ದರು. ಅದನ್ನು ತೆಗೆಸಲು 1976ರಲ್ಲಿ ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಮುಂದೆ ಯಂತ್ರ ಇಟ್ಟುಕೊಂಡು ಆಡಿ ತೋರಿಸಿದ. ಗುಂಡು ಯಾವ ದಾರಿಯಲ್ಲಿ ಹೋಗುತ್ತದೆಂದು ಮೊದಲೇ ಬೆರಳಿಟ್ಟು ಹೇಳಿ, ಹಾಗೇ ಕಳಿಸಿದ. ನಿಷೇಧ ಹೋಯಿತು. ಮುಂದೇನಾಗಬೇಕೆಂದು ಆಡುವವನಿಗೆ ಮೊದಲೇ ಗೊತ್ತಿದ್ದು ಹಾಗೇ ಮಾಡಲು ಸಾಧ್ಯವಿದ್ದರೆ ಅದು ಆಟ. ಗೊತ್ತಿಲ್ಲದಿದ್ದರೆ ಜೂಜು. ದುರ್ಗಿಗುಡಿಯ ಮಹಡಿಯಲ್ಲಿ ಎರಡು ವರ್ಷ ನಾನು ಆಡಿದ್ದು ಜೂಜೇ ಅಂತ ಈಗ ಅನ್ನಿಸುತ್ತದೆ.

ನಿಯಮ ಜಾಸ್ತಿಯಿದ್ದ ಆಟ ನನಗೆ ಹೊಸದೇನಾಗಿರಲಿಲ್ಲ. ಅಜ್ಜಿ ಚೌಕಾಬಾರ ಕಲಿಸಿದ್ದರು. ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ನಾಲ್ಕು ಕವಡೆ. ಎಲ್ಲ ಬಾಯಿ ಮೇಲಾದರೆ ಚೌಕ, ನಾಲ್ಕು. ಎಲ್ಲ ಬೋರಲಾದರೆ ಬಾರ, ಎಂಟು. ಅಜ್ಜಿ ಮೊದಲು ಇಷ್ಟೇ ಹೇಳಿದ್ದು. “ಆಡು, ಆಡ್ತಾ ಆಡ್ತಾ ಗೊತ್ತಾಗತ್ತೆ.” ನನ್ನ ಕಾಯಿ ಗೀಟು ಹೊಡೆದ ಮನೆಯಲ್ಲಿ ಕೂತಾಗ ಅಜ್ಜಿಗೆ ಅದನ್ನು ಹೊಡೆಯುವ ಗರ ಬಿತ್ತು. ಆಗ ಹೇಳಿದರು: “ಇಲ್ಲಿ ಕೂತ್ರೆ ಹೊಡೆಯಂಗಿಲ್ಲ ಕಣೆ.” ನಾನು ಹೊರಸುತ್ತು ಮುಗಿಸಿ ಒಳಸುತ್ತಿನ ಬಾಗಿಲಿಗೆ ಬಂದು ನಿಂತಾಗ ಹೇಳಿದರು: “ಒಂದು ಕಾಯಾದ್ರೂ ಹೊಡೀದೆ ಒಳಗೆ ಬರಂಗಿಲ್ಲ.” ನಾನು ಮೋಸ ಮೋಸ ಎಂದು ಕೂಗಾಡಿದೆ. ಆದರೆ ಆ ನಿಯಮ ಈವತ್ತಿಗೂ ಮರೆತಿಲ್ಲ. ಮೊದಲೇ ಎಲ್ಲ ಹೇಳಿದ್ದರೆ ಅರ್ಧ ಕೇಳಿ ಓಡುತ್ತಿದ್ದೆ. ಅಜ್ಜಿ ನಿಯಮವನ್ನು ಅದು ಬೇಕಾದ ಮನೆಯಲ್ಲೇ ಇಟ್ಟು ಕಾಯುತ್ತಿದ್ದರು.

ಈಗ 2022ರ ನವೆಂಬರಿಗೆ ಬರುತ್ತೇನೆ. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಅಪ್ಪ ನಿವೃತ್ತರಾಗಿ ಜನ್ನಾಪುರದ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಶಿವಮೊಗ್ಗದ ವಿನೋಬನಗರದಲ್ಲಿ. ನಡುವೆ ಹೆಚ್ಚುಕಡಿಮೆ 20 ಕಿಲೋಮೀಟರ್. ಭಾನುವಾರಕ್ಕೊಮ್ಮೆ ಹೋಗಿಬರುವುದು ರೂಢಿ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಮುಂಚೆ ಖುದ್ದಾಗಿ ಹೋಗಿ ಸಹಿ ಹಾಕಿ ಬರುತ್ತಿದ್ದರು. ಈಗ ಫೋನಿನಲ್ಲೇ ಮುಖ ತೋರಿಸಿದರೆ ಸಾಕು. ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ, ಒಳ್ಳೆಯದೇ. ಆ್ಯಪ್ ಹಾಕಿಕೊಟ್ಟು, “ಇಷ್ಟೇ ಅಪ್ಪ, ಅದು ಹೇಳಿದಂಗೆ ಮಾಡಿದ್ರಾಯ್ತು” ಅಂತ ಹೇಳಿ ಬಂದಿದ್ದೆ. ಆಯ್ತು ಅಂದಿದ್ದರು.

ಆಗಿರಲಿಲ್ಲ. ಜನವರಿಯಲ್ಲಿ ಪಿಂಚಣಿ ಬರಲಿಲ್ಲ. ಅಪ್ಪ ಅದನ್ನೂ ಹೇಳಲಿಲ್ಲ. ಫೆಬ್ರವರಿಯಲ್ಲೂ ಬರದಿದ್ದಾಗ, ಔಷಧಿ ಅಂಗಡಿಯಲ್ಲಿ ಬಾಕಿ ಬರೆಸಿದ್ದು ನನಗೆ ಬೇರೆ ಯಾರಿಂದಲೋ ಗೊತ್ತಾಯಿತು. ಓಡಿಹೋದೆ. ಎದುರಿಗೆ ಕೂರಿಸಿಕೊಂಡು ಮಾಡಿಸಿದೆ. ಅಪ್ಪ ಫೋನು ಹಿಡಿದುಕೊಂಡರು. ಪರದೆಯ ಮೇಲೆ ಒಂದು ಸಾಲು ಬಂತು, ಹೋಯಿತು. ಇನ್ನೊಂದು ಬಂತು. ಅಪ್ಪ ನೆಟ್ಟಗೆ ನೋಡುತ್ತಾ ಕೂತೇ ಇದ್ದರು. ಸಮಯ ಮುಗಿಯಿತು. ಮತ್ತೆ ಮೊದಲಿಂದ. ಮತ್ತೆ ಅದೇ. ನಾಲ್ಕನೇ ಸಲಕ್ಕೆ ನನ್ನ ತಾಳ್ಮೆ ಹೋಯಿತು.

“ಕಣ್ಣು ಮಿಟುಕಿಸಿ ಅಂತ ಅಲ್ಲೇ ಬರ್ದಿದೆಯಲ್ಲ ಅಪ್ಪ! ಓದಕ್ಕೂ ಆಗಲ್ವಾ?”

ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಅಪ್ಪ ಫೋನನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟರು. ಪಕ್ಕದಲ್ಲಿ ಮಡಚಿಟ್ಟಿದ್ದ ಕನ್ನಡಕ ತೆಗೆದು ಹಾಕಿಕೊಂಡರು. ಆಮೇಲೆ ನನ್ನನ್ನು ನೋಡಿ ಹೇಳಿದರು:

“ಕನ್ನಡಕ ತೆಗಿ ಅಂತು, ತೆಗ್ದೆ. ಆಮೇಲೆ ಏನಂತು ಅಂತ ಹೆಂಗೆ ಓದ್ಲಿ ಪುಟ್ಟಿ?”

ನನಗೆ ಉತ್ತರ ಹೊಳೆಯಲಿಲ್ಲ. ಕ್ಷಮೆ ಕೇಳಬೇಕಿತ್ತು, ಅದನ್ನೂ ಮಾಡಲಿಲ್ಲ. ಆ ದಿನ ಹೇಗೋ ಮುಗಿಸಿ ಬಸ್ಸು ಹತ್ತಿ ಬಂದೆ. ನಿಂತುಹೋಗಿದ್ದ ದುಡ್ಡು ಆಮೇಲೆ ಬಂತು. ಆದರೆ ಅಪ್ಪ ಅವತ್ತಿನಿಂದ ನನ್ನೆದುರು ಫೋನು ಮುಟ್ಟುವುದನ್ನೇ ಬಿಟ್ಟರು. ನಾನು ಹೋದಾಗ ಫೋನು ಟಿವಿಯ ಮೇಲೆ ಬೋರಲಾಗಿ ಬಿದ್ದಿರುತ್ತಿತ್ತು.

ಅದೇ ವರ್ಷದ ಬೇಸಿಗೆಯಲ್ಲಿ ಅಕ್ಕ ನಮ್ಮಿಬ್ಬರನ್ನೂ ಅಮೆರಿಕಕ್ಕೆ ಕರೆಸಿಕೊಂಡಳು. ಅವಳಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಅಪ್ಪನಿಗೆ ಅಲ್ಲಿ ಸಮಯ ಹೋಗುತ್ತಿರಲಿಲ್ಲ. ಒಂದು ಶನಿವಾರ ಅಕ್ಕ, “ಅಲಮೀಡಾದಲ್ಲಿ ಪಿನ್‌ಬಾಲ್ ಮ್ಯೂಸಿಯಂ ಇದೆ, ನಿಂಗೆ ಹುಚ್ಚಿತ್ತಲ್ಲ, ಬಾ” ಎಂದಳು. ನನ್ನ ಗುಟ್ಟು ಅವಳಿಗೆ ಮೊದಲಿಂದಲೂ ಗೊತ್ತಿತ್ತಂತೆ. ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂನಲ್ಲಿ ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಸಾಕು, ಒಳಗಿನ ಯಂತ್ರಗಳಲ್ಲಿ ಬೇಕಾದಷ್ಟು ಹೊತ್ತು ಆಡಬಹುದು. ನಿಜವಾದ ಪಿನ್‌ಬಾಲ್ ಯಂತ್ರವನ್ನು ನಾನು ಮುಟ್ಟಿದ್ದು ಅದೇ ಮೊದಲು.

ಹಳೆಯ ಯಂತ್ರಗಳ ಮುಂದೆ ಅಪ್ಪ ಖುಷಿಯಾದರು. ಅಂಕಿ ಬರೆದ ಚಕ್ರಗಳು ಟಕಟಕ ತಿರುಗಿ ಅಂಕ ಏರುವುದು, ಗಂಟೆ ಬಾರಿಸುವುದು. ಗಾಜಿನಡಿಯಲ್ಲಿ ಒಂದು ಪುಟ್ಟ ಕಾರ್ಡು, ಅದರಲ್ಲಿ ನಾಲ್ಕಾರು ಸಾಲು ನಿಯಮ. ಉಳಿದದ್ದನ್ನು ಹಲಗೆಯ ಮೇಲೇ ಬರೆದಿರುತ್ತದೆ. “ನಮ್ಮನೆ ಮೊಳೆಹಲಗೆನೇ ಇದು, ಕರೆಂಟು ಕೊಟ್ಟವ್ರೆ ಅಷ್ಟೇ” ಎಂದರು.

ಹೊಸ ಯಂತ್ರದ ಮುಂದೆ ನಿಂತಾಗ ನನಗೆ ದುರ್ಗಿಗುಡಿಯೇ ನೆನಪಾಯಿತು. ಎದುರಿಗೆ ಟಿವಿಯಂಥ ಬಣ್ಣದ ಪರದೆ, ಅದರಲ್ಲಿ ಸಿನಿಮಾದ ತುಣುಕು. ಸ್ಪೀಕರಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಕೂಗುತ್ತಾರೆ. ಹಲಗೆಯ ಮೇಲೆ ಹತ್ತಾರು ದೀಪ. ಮೊದಲ ಗುಂಡು ಕೆಲವೇ ಸೆಕೆಂಡಿನಲ್ಲಿ ಸಂದಿನಲ್ಲಿ ಜಾರಿತು. ಅಷ್ಟರಲ್ಲಿ ಇನ್ನೊಂದು ಗುಂಡು ತಾನಾಗಿ ಚಿಮ್ಮಿ ಬಂತು. ಈಗಿನ ಯಂತ್ರಗಳಲ್ಲಿ ಶುರುವಿನಲ್ಲೇ ಗುಂಡು ಬಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ವಾಪಸ್ ಕೊಡುತ್ತಾರೆ. ಆ ಅಭಯ ಇರುವಷ್ಟು ಹೊತ್ತು ರೆಕ್ಕೆಗಳ ನಡುವೆ ಒಂದು ದೀಪ ಮಿನುಗುತ್ತಿರುತ್ತದೆ. ಹೊಸಬರು ತಪ್ಪು ಮಾಡಿಯೇ ಮಾಡುತ್ತಾರೆಂದು ಗೊತ್ತಿರುವವರು ಕಟ್ಟಿದ ಯಂತ್ರ. ನಾನು ಮತ್ತೆ ಮತ್ತೆ ಬೀಳಿಸಿಕೊಂಡೆ. ಅಂಕವೇನೋ ಲಕ್ಷ ಲಕ್ಷ ಏರುತ್ತಿತ್ತು. ಯಾಕೆ ಏರುತ್ತಿದೆಯೆಂದು ಮಾತ್ರ ತಿಳಿಯಲಿಲ್ಲ.

“ಸ್ವಲ್ಪ ಸುಮ್ನಿರು” ಎಂದರು ಅಪ್ಪ. “ಯಾರೂ ಆಡದೆ ಇದ್ದಾಗ ಏನ್ ಮಾಡತ್ತೆ ನೋಡಣ.”

ಕೈ ಹಿಂದೆ ಕಟ್ಟಿಕೊಂಡು ಹತ್ತು ನಿಮಿಷ ನಿಂತರು. ಆಮೇಲೆ ಪಕ್ಕದಲ್ಲಿ ಇನ್ನೊಬ್ಬರು ಆಡುವುದನ್ನು ನೋಡಿದರು. ಸಿನಿಮಾ ನೋಡಲಿಲ್ಲ, ಇಂಗ್ಲಿಷಿನ ಕೂಗು ಅವರಿಗೆ ತಿಳಿಯುವುದಿಲ್ಲ. ಬರೀ ಹಲಗೆ ನೋಡಿದರು. ನೋಡಿ ಬಂದು ನನಗೆ ಪಾಠ ಮಾಡಿದರು.

“ನೋಡು, ಬಾಣದ ಗುರ್ತಿನ ದೀಪ ಇದಾವಲ್ಲ, ಒಂದೊಂದು ದಾರಿ ಬಾಯಲ್ಲಿ ಒಂದೊಂದು. ಮಿನುಗ್ತಾ ಇದ್ರೆ ಅಲ್ಲಿಗೆ ಹೊಡಿ ಅಂತ. ಹೊಡೆದ ಮೇಲೆ ಆರತ್ತೆ, ಬೇರೆ ಕಡೆ ಮಿನುಗತ್ತೆ. ಬಣ್ಣ ಬೇರೆ ಆದ್ರೆ ಕೆಲಸ ಬೇರೆ. ಅಷ್ಟೇ. ಮೇಲಿನ ಟಿವಿ ನಿಂಗಲ್ಲ.”

“ಮತ್ಯಾರಿಗೆ?”

“ಹಿಂದೆ ನಿಂತವ್ರಿಗೆ. ಆಡೋರ ಕಣ್ಣು ಹಲಗೆ ಮೇಲಿರತ್ತೆ. ಅದ್ಕೇ ದೀಪನ ಹಲಗೇಲಿ ಇಟ್ಟವ್ರೆ.”

ನಾನು ಅಪ್ಪನ ಮುಖ ನೋಡಿದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮನುಷ್ಯ. ಕ್ರೇನಿನಲ್ಲಿ ಕೂತವರ ಕಣ್ಣು ಕೊಕ್ಕೆಯ ಮೇಲೆ, ಅದಕ್ಕೆ ತೂಗಿದ ಟನ್ನುಗಟ್ಟಲೆ ಉಕ್ಕಿನ ಮೇಲೆ. ಶೆಡ್ಡಿನ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ, ಚೀಟಿ ಬರೆದರೆ ಓದುವಂತಿಲ್ಲ. ಕೆಳಗೆ ಸಿಗ್ನಲ್ ಕೊಡುವವನು ಕೊಕ್ಕೆಯ ಹತ್ತಿರವೇ, ಅಪ್ಪನ ಕಣ್ಣಿಗೆ ಬೀಳುವಲ್ಲೇ ನಿಂತು ಕೈಯಲ್ಲಿ ಮಾತಾಡಬೇಕು. ತೋರುಬೆರಳು ಮೇಲಕ್ಕೆ ಮಾಡಿ ಸುತ್ತಿದರೆ ಎತ್ತು, ಕೆಳಕ್ಕೆ ಮಾಡಿ ಸುತ್ತಿದರೆ ಇಳಿಸು. ಅಂಗೈ ತೋರಿಸಿದರೆ ನಿಲ್ಲು. ಕಣ್ಣು ಎಲ್ಲಿದೆಯೋ ಮಾತು ಅಲ್ಲಿಗೇ ಹೋಗಬೇಕು ಅನ್ನುವುದು ಅಪ್ಪನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಅವರು ಇನ್ನೂ ಒಂದು ವಿಷಯ ಕಂಡುಹಿಡಿದಿದ್ದರು. ಹಲಗೆಯಲ್ಲೊಂದು ಗುಳಿಯಿದೆ. ಗುಂಡು ಅದರೊಳಗೆ ಬಿದ್ದಾಗ ಹೊಸ ಕೆಲಸವೊಂದು ಶುರುವಾಗುತ್ತದೆ. ಆಗ ಯಂತ್ರ ಗುಂಡನ್ನು ಎರಡು ಮೂರು ಸೆಕೆಂಡು ಅಲ್ಲೇ ಹಿಡಿದಿಟ್ಟುಕೊಂಡು ಪರದೆಯಲ್ಲಿ ವಿವರ ಹೇಳುತ್ತದೆ, ಆಮೇಲೆ ಗುಂಡು ಬಿಡುತ್ತದೆ. “ಹುಕ್ ನಿಲ್ಲಿಸಿ ಆಮೇಲೆ ಮಾತಾಡ್ತದೆ. ಆಗ ಬೇಕಾದ್ರೆ ಟಿವಿ ನೋಡು” ಎಂದರು. ಆಟಗಾರರೂ ಅಂಥ ಬಿಡುವನ್ನು ತಾವೇ ಮಾಡಿಕೊಳ್ಳಬಹುದು. ರೆಕ್ಕೆಯನ್ನು ಎತ್ತಿ ಹಿಡಿದರೆ ಗುಂಡು ಅದರ ತೊಡೆಯ ಮೇಲೆ ಕೂಸಿನಂತೆ ಬಂದು ಕೂರುತ್ತದೆ. ಆಗ ಉಸಿರು ಬಿಟ್ಟು ದೀಪಗಳನ್ನು ಓದಿಕೊಳ್ಳಬಹುದು. ಹಾಗೇ ಗುಂಡಿಯನ್ನು ಒತ್ತಿ ಹಿಡಿದರೆ ಎಷ್ಟಾಯಿತು, ಏನು ಬಾಕಿ ಎನ್ನುವ ಪಟ್ಟಿಯನ್ನೇ ತೋರಿಸುವ ಯಂತ್ರಗಳೂ ಬಹಳ ಇವೆ. ಕೇಳಿದಾಗ ಹೇಳುವ ಯಂತ್ರ.

ಆಮೇಲೆ ನಾನು ಆಡಿದೆ. ಅಪ್ಪ ಹಿಂದೆ ನಿಂತರು. “ಎಡಗಡೆ” ಎಂದು ಕೂಗಿದರೆ ಗದ್ದಲದಲ್ಲಿ ನನಗೆ ಕೇಳುತ್ತಿರಲಿಲ್ಲ. ತಿರುಗಿ ನೋಡಿದರೆ ಗುಂಡು ಜಾರುತ್ತಿತ್ತು. ಹಾಗಾಗಿ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಎಡಗಡೆಯ ಬಾಣ ಮಿನುಗಿದರೆ ಎಡಹೆಗಲು ತಟ್ಟುತ್ತಿದ್ದರು, ಬಲಗಡೆಯದಾದರೆ ಬಲಹೆಗಲು. ನಿಲ್ಲಿಸಿ ಹಿಡಿ ಎನ್ನಲು ಎರಡೂ ಹೆಗಲು ಒತ್ತುತ್ತಿದ್ದರು. ಒಮ್ಮೆ ಮೂರು ಗುಂಡುಗಳು ಒಟ್ಟಿಗೆ ಬಂದಾಗ ಇಬ್ಬರೂ ಕಂಗಾಲಾಗಿ ನಕ್ಕುಬಿಟ್ಟೆವು. ಅಕ್ಕ ಫೋಟೊ ತೆಗೆದಳು. ಆ ಫೋಟೊದಲ್ಲಿ ನಾನು ಹಲಗೆ ನೋಡುತ್ತಿದ್ದೇನೆ, ಅಪ್ಪ ನನ್ನನ್ನು ನೋಡುತ್ತಿದ್ದಾರೆ.

ಇಷ್ಟೆಲ್ಲ ಹೊಗಳಿದರೂ ಈ ಯಂತ್ರಗಳು ಎಲ್ಲವನ್ನೂ ಹೇಳುವುದಿಲ್ಲ. ‘ಇಲ್ಲಿ ಹೊಡಿ’ ಎನ್ನುವುದನ್ನು ಚೆನ್ನಾಗಿ ಹೇಳುತ್ತವೆ. ‘ಇಲ್ಲೇ ಯಾಕೆ’ ಎನ್ನುವುದನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಎರಡು ಕೆಲಸಗಳನ್ನು ಒಟ್ಟಿಗೆ ನಡೆಸಿದರೆ ಅಂಕ ಹೇಗೆ ಬೆಳೆಯುತ್ತದೆ, ಕೊನೆಯ ಮೆಟ್ಟಿಲು ಮುಟ್ಟಲು ಏನೇನು ಆಗಿರಬೇಕು ಎನ್ನುವುದನ್ನೆಲ್ಲ ಆಡುವವರು ತಾವೇ ಕಂಡುಕೊಂಡು ಪುಟಗಟ್ಟಲೆ ಬರೆದಿಡುತ್ತಾರೆ. ಹಾಗೆ ನೋಡಿದರೆ 1986ರ ‘ಹೈ ಸ್ಪೀಡ್’ ಎಂಬ ಯಂತ್ರದ ಜಾಣತನವೇ ಜಾಣತನ. ಅದನ್ನು ರೂಪಿಸಿದ ಸ್ಟೀವ್ ರಿಚಿ ಹಲಗೆಯ ಮೇಲೆ ಒಂದು ಟ್ರಾಫಿಕ್ ಸಿಗ್ನಲ್ಲನ್ನೇ ನೆಟ್ಟ. ಗುರಿ ಹೊಡೆದಂತೆ ದೀಪ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಕೆಂಪು ಬಂದಾಗ ನಿಲ್ಲದೆ ನುಗ್ಗಬೇಕು. ಪೊಲೀಸರು ಬೆನ್ನು ಹತ್ತುತ್ತಾರೆ. ಈ ಆಟದ ಅರ್ಧ ನಿಯಮ ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಬೈಕು ಓಡಿಸಿದ ಯಾರಿಗಾದರೂ ಮೊದಲೇ ಗೊತ್ತು. ಹೊಸದನ್ನು ಹೇಳಲು ನಮಗೆ ಗೊತ್ತಿರುವುದನ್ನೇ ಸಾಲ ಪಡೆದಿದ್ದಾನೆ ಅವನು.

ಆಟ ಒಂದಿಷ್ಟು ಮುಚ್ಚಿಟ್ಟುಕೊಂಡರೆ ನಾನು ದೂರುವುದಿಲ್ಲ. ಎಲ್ಲ ಮೊದಲೇ ಗೊತ್ತಾದರೆ ಎರಡನೇ ನಾಣ್ಯ ಹಾಕುವವರು ಯಾರು? ನಿಯಮವನ್ನು ಹುಡುಕಿಕೊಳ್ಳುವುದೇ ಅಲ್ಲಿ ಅರ್ಧ ಸುಖ. ತಪ್ಪಿದರೆ ಹೋಗುವುದು ಒಂದು ಗುಂಡು. ಆದರೆ ಪಿಂಚಣಿಯಲ್ಲಿ ತಪ್ಪಿದರೆ ಹೋಗುವುದು ಒಂದು ತಿಂಗಳಿನ ಔಷಧಿ. ಬರೀ ಆಟಕ್ಕೆಂದು ಮಾಡಿದ ಯಂತ್ರವೊಂದು ಆಡುವವರ ಕಣ್ಣು ಎಲ್ಲಿರುತ್ತದೆ, ಕೈ ಯಾವಾಗ ಬಿಡುವಾಗಿರುತ್ತದೆ ಎಂದು ಇಷ್ಟು ಯೋಚಿಸಿತ್ತು. ನಾನು ನನ್ನ ಅಪ್ಪನ ವಿಷಯದಲ್ಲಿ ಅಷ್ಟನ್ನೂ ಯೋಚಿಸಿರಲಿಲ್ಲ. ‘ಅಲ್ಲೇ ಬರೆದಿದೆ’ ಎನ್ನುವುದು ಸತ್ಯವೇ. ಸೈಬರ್ ಸೆಂಟರಿನ ಹುಡುಗ ಹೇಳಿದ್ದೂ ಸತ್ಯವೇ. ಆದರೆ ಬರೆದವರ ಕೆಲಸ ಬರೆದಲ್ಲಿಗೆ ಮುಗಿಯುವುದಿಲ್ಲ. ಓದಬೇಕಾದವರ ಕಣ್ಣು ಆಗ ಎಲ್ಲಿದೆ ಎಂದೂ ನೋಡಬೇಕು.

2023ರ ನವೆಂಬರ್ ಬಂತು. ಒಂದು ಭಾನುವಾರ ಜನ್ನಾಪುರಕ್ಕೆ ಹೋದೆ. ಅಪ್ಪ ತಾವಾಗಿ ಫೋನಿನ ವಿಷಯ ಎತ್ತಲಿಲ್ಲ. ಊಟವಾದ ಮೇಲೆ ನಾನೇ ಟಿವಿಯ ಮೇಲಿಂದ ಫೋನು ತಂದು, ಕಿಟಕಿಯ ಬೆಳಕಿಗೆ ಕುರ್ಚಿ ಎಳೆದೆ. “ಅಪ್ಪ, ಹೋದ ಸಲ ಬೈದೆ. ತಪ್ಪಾಯ್ತು” ಅಂದೆ. “ಅದನ್ನ ಇನ್ನೂ ಇಟ್ಕೊಂಡಿದೀಯಾ?” ಎಂದರು. ಕನ್ನಡಕ ಹಾಕಿಕೊಂಡಿರುವಾಗಲೇ ಏನೇನು ಬರುತ್ತದೆಂದು ಒಂದೊಂದಾಗಿ ಓದಿ ಹೇಳಿದೆ. ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಫೋನು ಹಿಡಿದುಕೊಂಡರು.

ನಾನು ಹಿಂದೆ ನಿಂತು ಅವರ ಹೆಗಲ ಮೇಲೆ ಕೈಯಿಟ್ಟೆ. ಕಣ್ಣು ಮಿಟುಕಿಸಿ ಎಂಬ ಸಾಲು ಬಂದಾಗ ಒಮ್ಮೆ ತಟ್ಟಿದೆ. ಅಪ್ಪ ಕಣ್ಣು ಮಿಟುಕಿಸಿದರು. ಹಸಿರು ಗುರುತು ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ.

“ಆಯ್ತಾ? ಇನ್ನೊಂದು ವರ್ಷ ಬದುಕಿದೀನಿ ಅಂತಾಯ್ತು” ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಗಲು ತಟ್ಟೋರು ಇಲ್ದೋರು ಏನ್ಮಾಡ್ತಾರೆ ಪುಟ್ಟಿ?” ಅಂತ ಕೇಳಿದರು. ಅವರ ಬೀದಿಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದವರೇ ಹೆಚ್ಚು. ಕೆಲವರ ಮಕ್ಕಳು ಬೆಂಗಳೂರಿನಲ್ಲಿ, ಕೆಲವರದ್ದು ಇನ್ನೂ ದೂರ.

ಮುಂದಿನ ಭಾನುವಾರ ಹೋದಾಗ ಜಗುಲಿಯಲ್ಲಿ ಮೂವರು ಹಿರಿಯರು ಫೋನು ಹಿಡಿದು ಕೂತಿದ್ದರು. ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ತಿರುಗಿಸಿ, ಅದರ ಬಿಳಿ ಮಗ್ಗುಲಲ್ಲಿ ಸ್ಕೆಚ್ ಪೆನ್ನಿನಿಂದ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಮೊಳೆ ಹೊಡೆದಿದ್ದರು. ಒಟ್ಟು ಆರು ಸಾಲು. ಮೊದಲನೆಯದು ಹೀಗಿತ್ತು: ‘1. ಕನ್ನಡಕ ತೆಗೆಯುವ ಮೊದಲು ಇದನ್ನು ಪೂರ್ತಿ ಓದಿಕೊಳ್ಳಿ.’